ಒಂದು ಪಿಸಿಟಿ ಅರ್ಜಿ, ಎರಡು ಆದ್ಯತೆ ದಿನಾಂಕ: ನನ್ನ ಅನುಭವ

ಪಿಸಿಟಿ ಎಂದರೆ ಒಂದೇ ಅರ್ಜಿಯಿಂದ ಹಲವು ದೇಶಗಳಲ್ಲಿ ಪೇಟೆಂಟ್ ಕೋರಲು ದಾರಿ ಮಾಡಿಕೊಡುವ ಅಂತರರಾಷ್ಟ್ರೀಯ ಒಪ್ಪಂದ. ಅದರಡಿ ಅರ್ಜಿ ಸಿದ್ಧಮಾಡಲು ಕೂತಾಗ ನಾನು ಮೊದಲು ತೆರೆಯುವುದು ಫಾರಂ ಅಲ್ಲ, 1883ರ ಪ್ಯಾರಿಸ್ ಒಪ್ಪಂದದ 4ನೇ ವಿಧಿ. ಆದ್ಯತೆ ಎಂದರೆ, ಮೊದಲ ಅರ್ಜಿಯಾದ 12 ತಿಂಗಳೊಳಗೆ ಹಾಕಿದ ಮುಂದಿನ ಅರ್ಜಿಯ ಹೊಸತನವನ್ನು ಮೊದಲ ಅರ್ಜಿಯ ದಿನಾಂಕಕ್ಕೇ ಹಿಡಿದು ಅಳೆಯುವುದು. ಪಿಸಿಟಿಯ 8ನೇ ವಿಧಿ ಆದ್ಯತೆ ಕೋರಲು ಅವಕಾಶ ಕೊಡುತ್ತದೆ, ಷರತ್ತು ಮತ್ತು ಪರಿಣಾಮಕ್ಕೆ ಮಾತ್ರ ಪ್ಯಾರಿಸ್ ಒಪ್ಪಂದದ ಕಡೆ ಕೈ ತೋರಿಸುತ್ತದೆ. ಫಾರಂನಲ್ಲಿ ಮೊದಲ ಅರ್ಜಿಯ ದಿನಾಂಕ, ಸಂಖ್ಯೆ, ದೇಶ ತುಂಬಿದರೆ ಅದು ಘೋಷಣೆ ಅಷ್ಟೆ. ಅರ್ಜಿ ಸ್ವೀಕರಿಸುವ ಕಚೇರಿ ಆ ವಿವರ, ಗಡುವು ನೋಡಿ ಮುಂದೆ ಕಳಿಸುತ್ತದೆ. ಹಕ್ಕು ನಿಜಕ್ಕೂ ಇದೆಯೇ ಎಂಬ ಪ್ರಶ್ನೆ ಎಷ್ಟೋ ಸಲ ಏಳುವುದು ವರ್ಷಗಳ ಮೇಲೆ, ಎದುರಾಳಿ ಪೇಟೆಂಟನ್ನೇ ರದ್ದು ಮಾಡಿಸಲು ಹೊರಟಾಗ.

ಒಂದು ಅಂಟಿನ ಕೇಸು ಹೇಳುತ್ತೇನೆ. ಇಬ್ಬರು ಸಂಶೋಧಕರು ತಮ್ಮ ಹೆಸರಿನಲ್ಲೇ ಮೊದಲ ಅರ್ಜಿ ಹಾಕಿದ್ದರು. ಏಳು ತಿಂಗಳಾದ ಮೇಲೆ ಅವರಲ್ಲೊಬ್ಬರು ಫೋನ್ ಮಾಡಿದರು: ‘ಮುಂದಿನ ವಾರ ಸಮ್ಮೇಳನದಲ್ಲಿ ಪೋಸ್ಟರ್ ಇಡ್ತಿದ್ದೀವಿ ಸಾರ್. ಅರ್ಜಿ ಹೇಗೂ ಹಾಕಿದೆ, ತೊಂದರೆ ಇಲ್ಲ ತಾನೇ?’

ಪೋಸ್ಟರ್ ತರಿಸಿಕೊಂಡು, ಮೊದಲ ಅರ್ಜಿಯನ್ನು ಪಕ್ಕದಲ್ಲಿಟ್ಟು ಸಾಲು ಸಾಲಾಗಿ ಓದಿದೆ. ಮೂರನೇ ಚಿತ್ರದಲ್ಲಿ ಒಂದು ಹೊಸ ವೇಗವರ್ಧಕ ಇತ್ತು. ಅರ್ಜಿಯಲ್ಲಿ ಅದರ ಸುಳಿವೇ ಇಲ್ಲ. ಕ್ಲೇಮುಗಳಲ್ಲಿ, ಅಂದರೆ ರಕ್ಷಣೆ ಕೋರುವ ಅಂಶಗಳ ಪಟ್ಟಿಯಲ್ಲಿ, ಇಲ್ಲದಿದ್ದರೂ ನಡೆಯುತ್ತಿತ್ತು. 4ನೇ ವಿಧಿ ಕೇಳುವುದು ಅರ್ಜಿಯ ಒಟ್ಟು ದಾಖಲೆಗಳಲ್ಲಿ ಆ ಅಂಶ ಸ್ಪಷ್ಟವಾಗಿ ಇರಬೇಕೆಂದು. ಇಲ್ಲಿ ಎಲ್ಲೂ ಇರಲಿಲ್ಲ. ಹಾಗೇ ಬಿಟ್ಟಿದ್ದರೆ ವೇಗವರ್ಧಕದ ಕ್ಲೇಮಿಗೆ ಪಿಸಿಟಿ ಸಲ್ಲಿಸಿದ ದಿನವೇ ದಿಕ್ಕು, ಅಷ್ಟರಲ್ಲಿ ಪ್ರಕಟವಾದ ಅವರದೇ ಪೋಸ್ಟರ್ ಅದರ ಹೊಸತನ ಕಳೆದು ಅವರಿಗೇ ಅಡ್ಡ.

ಸಮ್ಮೇಳನಕ್ಕೆ ಎರಡು ದಿನ ಮುಂಚೆ ವೇಗವರ್ಧಕಕ್ಕೆ ಇನ್ನೊಂದು ಅರ್ಜಿ ಹಾಕಿದೆವು. ಆಮೇಲೆ ಒಂದೇ ಪಿಸಿಟಿ ಅರ್ಜಿಯಲ್ಲಿ ಎರಡೂ ಆದ್ಯತೆ ಕೋರಿದೆ; ಹಾಗೆ ಕೂಡಿಸಲು 4ನೇ ವಿಧಿಯಲ್ಲೇ ದಾರಿಯಿದೆ. ಇಲ್ಲಿ ಎಚ್ಚರ ತಪ್ಪಬಾರದು: ಹಳೆಯ ವಿಷಯಕ್ಕೆ ಎರಡನೇ ಅರ್ಜಿ ‘ಮೊದಲ ಅರ್ಜಿ’ ಆಗುವುದಿಲ್ಲ, ಆದ್ದರಿಂದ 12 ತಿಂಗಳನ್ನು ಹಳೆಯ ದಿನಾಂಕದಿಂದಲೇ ಎಣಿಸಿದೆ. ತಡವಾದರೆ ಇನ್ನೆರಡು ತಿಂಗಳೊಳಗೆ ಹಕ್ಕಿನ ಮರುಸ್ಥಾಪನೆ ಕೇಳಬಹುದು, ಆದರೆ ಅದನ್ನು ಎಲ್ಲ ದೇಶಗಳೂ ಒಪ್ಪುವುದಿಲ್ಲ. ನಾನಂತೂ ಅದನ್ನು ನೆಚ್ಚಿ ಕೂರುವುದಿಲ್ಲ.

ಇನ್ನೊಂದು ತೊಡಕು ಹೆಸರಿನದು. ಪಿಸಿಟಿ ಅರ್ಜಿ ಅವರ ಕಂಪನಿಯ ಹೆಸರಿನಲ್ಲಿ ಹೋಗಬೇಕಿತ್ತು. ಆದ್ಯತೆ ಹಕ್ಕು ಇರುವುದು ಮೊದಲ ಅರ್ಜಿ ಹಾಕಿದವರಿಗೆ, ಇಲ್ಲವೇ ಅವರಿಂದ ಹಕ್ಕು ಪಡೆದವರಿಗೆ. ಅವರ ವರ್ಗಾವಣೆ ಪತ್ರದಲ್ಲಿ ‘ಆವಿಷ್ಕಾರದ ಎಲ್ಲ ಹಕ್ಕುಗಳು’ ಎಂದಷ್ಟೇ ಇತ್ತು. ‘ಆದ್ಯತೆ ಕೋರುವ ಹಕ್ಕೂ ಸೇರಿ’ ಎಂದು ಬರೆಸಿ, ಪಿಸಿಟಿ ಸಲ್ಲಿಸುವ ಮುಂಚೆಯೇ ಇಬ್ಬರಿಂದಲೂ ಸಹಿ ಮಾಡಿಸಿದೆ. ಯುರೋಪಿನ ಪೇಟೆಂಟ್ ಕಚೇರಿಯ ವಿಸ್ತೃತ ಮೇಲ್ಮನವಿ ಮಂಡಳಿ 2023ರಲ್ಲಿ, ಆದ್ಯತೆ ಕೋರಿದವರಿಗೆ ಆ ಹಕ್ಕಿದೆ ಎಂದೇ ಮೊದಲಿಗೆ ಭಾವಿಸಬೇಕು ಎಂದಿತು. ಆ ಭಾವನೆಯನ್ನು ಪುರಾವೆ ಕೊಟ್ಟು ಅಲ್ಲಗಳೆಯಬಹುದು ಎಂದೂ ಹೇಳಿದೆ. ಹಾಗಾಗಿ ಸಹಿಯ ವಿಷಯದಲ್ಲಿ ನನ್ನ ರೂಢಿ ಬದಲಾಗಿಲ್ಲ.

ಅರ್ಜಿಗೆ ಸಂಬಂಧಿಸಿದ ಹಿಂದಿನ ಪ್ರಕಟಣೆಗಳನ್ನು ಪಟ್ಟಿಮಾಡುವ ಶೋಧ ವರದಿ ಬಂದಾಗ ವೇಗವರ್ಧಕದ ಕ್ಲೇಮಿನ ಎದುರು, ಸಮ್ಮೇಳನದ ಸಂಕಲನದಲ್ಲಿ ಅಚ್ಚಾಗಿದ್ದ ಅದೇ ಪೋಸ್ಟರ್ ಇತ್ತು. ಅದರ ಪಕ್ಕದಲ್ಲಿ ‘ಪಿ’ ಅಕ್ಷರ: ಆದ್ಯತೆ ದಿನಾಂಕದ ನಂತರ, ಪಿಸಿಟಿ ಸಲ್ಲಿಕೆಗೆ ಮುಂಚೆ ಪ್ರಕಟವಾದದ್ದು.