ದಾಳ ಉರುಳುವ ಮೊದಲೇ ಹುಲಿ ನಮ್ಮನ್ನು ನೋಡಿರುತ್ತದೆ

ನಾನು ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ಅನ್ನುವ ಕಥೆ ಕಟ್ಟುವ ದಾಳದಾಟ ನಡೆಸುತ್ತೇನೆ. ಅದರಲ್ಲಿ ಮೊದಲ ಹುಲಿ ಸತ್ತದ್ದು ಎರಡೇ ಸುತ್ತಿಗೆ. ಐದನೇ ಲೆವೆಲ್ಲಿನ ನಾಲ್ಕು ಪಾತ್ರಗಳು, ಎದುರಿಗೆ 37 ಹಿಟ್ ಪಾಯಿಂಟಿನ, ಅಂದರೆ ಅಷ್ಟು ಪೆಟ್ಟು ತಡೆಯುವ, ಒಂದು ಹುಲಿ. ತಂಗಿಯ ಪಾತ್ರ ಬಾಣ ಬಿಟ್ಟಿತು, ಮಾಂತ್ರಿಕ ಬೆಂಕಿ ಎಸೆದ, ಅಲ್ಲಿಗೆ ಮುಗಿಯಿತು. ಎಲ್ಲರೂ ಚಪ್ಪಾಳೆ ತಟ್ಟಿದರು. ನನಗೆ ಆ ರಾತ್ರಿ ಊಟ ಸೇರಲಿಲ್ಲ.

ಯಾಕೆ ಅಂತ ಹೇಳಬೇಕು. ನಮ್ಮ ಅಜ್ಜಿ ಮನೆ ಎಚ್.ಡಿ. ಕೋಟೆ ಕಡೆ. ಕತ್ತಲಾದ ಮೇಲೆ ಅಜ್ಜಿ ಹುಲಿಯ ಹೆಸರೆತ್ತುತ್ತಿರಲಿಲ್ಲ, 'ದೊಡ್ಡದು' ಅನ್ನುತ್ತಿದ್ದರು. ದೊಡ್ಡವನಾದ ಮೇಲೆ ಕಬಿನಿಯಲ್ಲಿ ದಮ್ಮನಕಟ್ಟೆ ಕಡೆಯಿಂದ ಎಷ್ಟೋ ಸಲ ಸಫಾರಿ ಹೋದೆ, ಎಂಟು ಸಲ ಬರೀ ಜಿಂಕೆ, ಕಾಟಿ, ಆನೆ ನೋಡಿ ಬಂದೆ, ಒಂಬತ್ತನೇ ಸಲ ಹುಲಿ ಕಂಡಿತು. ಲಂಟಾನ ಪೊದೆಯಿಂದ ಹೊರಗೆ ಬಂತು, ರಸ್ತೆ ದಾಟಿತು, ಇನ್ನೊಂದು ಪೊದೆಗೆ ಸೇರಿಕೊಂಡಿತು. ಒಂದು ನಿಮಿಷವೂ ಇಲ್ಲ. ಅದು ನಮ್ಮನ್ನು ಮೊದಲೇ ನೋಡಿತ್ತು, ಜೀಪಿನ ಕಡೆ ತಿರುಗಲೂ ಇಲ್ಲ. ಅಂಥ ಪ್ರಾಣಿಯನ್ನು ನಾನೇ ನನ್ನ ಮೇಜಿನ ಮೇಲೆ ಬರೀ ಅಂಕಿ ಮಾಡಿ ಕೊಲ್ಲಿಸಿಬಿಟ್ಟಿದ್ದೆ.

ಈ ಆಟ ಗೊತ್ತಿಲ್ಲದವರಿಗೆ ಎರಡು ಮಾತು. ಡಂಜನ್ಸ್ ಅಂಡ್ ಡ್ರ್ಯಾಗನ್ಸ್ 1974ರಲ್ಲಿ ಅಮೆರಿಕದಲ್ಲಿ ಬಂತು, ಮಾಡಿದವರು ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್. ಒಬ್ಬರು ಕಥೆ ನಡೆಸುತ್ತಾರೆ, ಅವರಿಗೆ ಡಿಎಂ ಅನ್ನುತ್ತೇವೆ. ಉಳಿದವರು ಒಂದೊಂದು ಪಾತ್ರ ಆಗುತ್ತಾರೆ. ಮಾಡಿದ ಕೆಲಸ ಆಯಿತೋ ಇಲ್ಲವೋ ಅನ್ನುವುದನ್ನು 20 ಮುಖದ ದಾಳ ಹೇಳುತ್ತದೆ. ನಮ್ಮದು ಮೈಸೂರಿನಲ್ಲಿ ಭಾನುವಾರ ಮಧ್ಯಾಹ್ನದ ಗುಂಪು. ತಂಗಿ, ಚಿಕ್ಕಪ್ಪನ ಮಗ, ಆಫೀಸಿನ ಇಬ್ಬರು, ಡಿಎಂ ನಾನು.

ಆ ಭಾನುವಾರದ ಮೇಲೆ ನಾನು ನಿಯಮದ ಪುಸ್ತಕ ತೆಗೆದು ಹುಲಿಯ ಪುಟವನ್ನು ನಿಧಾನಕ್ಕೆ ಓದಿದೆ. ನಾವು ಆಡುವುದು 2014ರ ಐದನೇ ಆವೃತ್ತಿ. ಅದರಲ್ಲಿ ಹುಲಿಗೂ ಚಿರತೆಗೂ ಚುರುಕು ಮೂಗು ಕೊಟ್ಟಿದ್ದಾರೆ, ವಾಸನೆ ಹಿಡಿಯುವ ದಾಳವನ್ನು ಎರಡು ಸಲ ಹಾಕಿ ಒಳ್ಳೆಯದನ್ನು ಇಟ್ಟುಕೊಳ್ಳಬಹುದು. ಇದು ನನಗೆ ಒಪ್ಪಿಗೆಯಾಗಲಿಲ್ಲ. ಮೂಗಿನಲ್ಲಿ ಬೇಟೆ ಹುಡುಕುವುದು ನಾಯಿಯ ಜಾತಿ. ಬೆಕ್ಕಿನ ಜಾತಿ ಬೇಟೆಯಾಡುವುದು ಕಿವಿ ಮತ್ತು ಕಣ್ಣಿನಿಂದ, ಮೂಗು ಇರುವುದು ಹೆಚ್ಚಾಗಿ ತಮ್ಮತಮ್ಮಲ್ಲಿ ಸುದ್ದಿ ಓದುವುದಕ್ಕೆ. ಹಾಗಾಗಿ ಮೂಗನ್ನು ತೆಗೆದು ಕಿವಿಗೆ ಹಾಕಿದೆ. ಲೋಹದ ಕವಚ ತೊಟ್ಟವನು ನಡೆದರೆ ಈಗ ಹುಲಿಗೆ ಗೊತ್ತಾಗುತ್ತದೆ. ಆ ಪುಸ್ತಕದಲ್ಲಿ ಚಿರತೆಗೆ ಕತ್ತಲಲ್ಲಿ ಕಾಣುವ ಶಕ್ತಿಯೇ ಇಲ್ಲ, ಅದನ್ನೂ ಸೇರಿಸಿದೆ. ಹಾರಿ ಬಿದ್ದು ಕೆಡವುವ ನಿಯಮ ಚೆನ್ನಾಗಿದೆ, ಮುಟ್ಟಲಿಲ್ಲ.

ಆದರೆ ಅಂಕಿ ಬದಲಾಯಿಸಿದ್ದಕ್ಕಿಂತ ಜಾಸ್ತಿ ಕೆಲಸಕ್ಕೆ ಬಂದದ್ದು ಬೇರೆಯದು. ಹುಲಿ ಅಡಗಿ ಕೂತಿದೆಯೋ ಇಲ್ಲವೋ ಅನ್ನುವ ದಾಳವನ್ನು ನಾನು ಶನಿವಾರ ರಾತ್ರಿ ಮನೆಯಲ್ಲೇ ಹಾಕಿ ಬರೆದಿಟ್ಟುಕೊಳ್ಳುತ್ತೇನೆ. ಮೇಜಿನ ಮೇಲೆ ಹಾಕಿದರೆ ಸದ್ದಿಗೇ ಎಲ್ಲರೂ ನೆಟ್ಟಗಾಗುತ್ತಾರೆ, ಅಲ್ವಾ? ಈಗ ಹಾಗಿಲ್ಲ. ಆಟ ಶುರುವಾಗುವ ಹೊತ್ತಿಗೆ ಹುಲಿ ಎಲ್ಲಿದೆ, ಯಾವ ಪೊದೆಯಿಂದ ಎಷ್ಟು ಹೊತ್ತು ನೋಡುತ್ತದೆ ಅನ್ನುವುದು ಆಗಲೇ ನಡೆದುಹೋಗಿರುತ್ತದೆ.

ಆಡುವವರಿಗೆ ಸಿಗುವುದು ಗುರುತುಗಳು ಮಾತ್ರ. ಕೆಸರಲ್ಲಿ ಹೆಜ್ಜೆ, ನಾಲ್ಕು ಬೆರಳು, ಉಗುರಿನ ಗೀರು ಇಲ್ಲ. ಉಗುರಿನ ಗೀರಿದ್ದರೆ ನಾಯಿ ಅಥವಾ ತೋಳ, ಬೆಕ್ಕಿನ ಜಾತಿ ನಡೆಯುವಾಗ ಉಗುರು ಒಳಗೆ ಎಳೆದುಕೊಂಡಿರುತ್ತದೆ. ಒಳ್ಳೆ ದಾಳ ಬಿದ್ದರೆ ಇದನ್ನು ನಾನು ಹೇಳುತ್ತೇನೆ, ಇನ್ನೂ ಒಳ್ಳೆಯದು ಬಿದ್ದರೆ ಹೆಜ್ಜೆ ಉದ್ದಕ್ಕಿದೆ, ಹೆಣ್ಣಿರಬಹುದು ಅನ್ನುತ್ತೇನೆ. ಆಮೇಲೆ ಕಾಡಿನ ಕೂಗು. ಮರದ ಮೇಲಿನ ಮುಸುವ ಒಂದು ಸಲ ಕೆಮ್ಮಿದರೆ ಎತ್ತರದಿಂದ ಏನೋ ಕಂಡಿದೆ ಅಂತ. ಕಡವೆ 'ಪೋಂಕ್' ಅಂತ ಬಿಟ್ಟು ಬಿಟ್ಟು ಕೂಗಿದರೆ ನಂಬಬೇಕು, ಅದು ಸುಮ್ನೆ ಕೂಗುವ ಪ್ರಾಣಿ ಅಲ್ಲ. ಈ ಕೂಗುಗಳನ್ನು ನಾನು ಬಾಯಲ್ಲೇ ಮಾಡುತ್ತೇನೆ. ಮೊಬೈಲಿನಲ್ಲಿ ರೆಕಾರ್ಡ್ ಹಾಕಿ ನೋಡಿದ್ದೆ, ಅಷ್ಟು ಚೆನ್ನಾಗಿ ಬರಲಿಲ್ಲ. ಮಾತಿನ ಮಧ್ಯೆ ಸದ್ದು ಬಂದಾಗಲೇ ಎಲ್ಲರೂ ಮಾತು ನಿಲ್ಲಿಸುತ್ತಾರೆ.

ಒಂದು ಸಲ ವಾಸನೆ ಇಟ್ಟೆ. ಹುಲಿ ತನ್ನ ಜಾಗಕ್ಕೆ ಗುರುತು ಹಾಕಲು ಮರಕ್ಕೆ ಸಿಂಪಡಿಸುವ ದ್ರವದಲ್ಲಿ ಬಾಸುಮತಿ ಅಕ್ಕಿಗೆ ಘಮ ಕೊಡುವ ರಾಸಾಯನಿಕವೇ ಇದೆ. ಹಾಗಾಗಿ ನಾನು ಹೇಳಿದ್ದು ಇಷ್ಟೇ: 'ದಟ್ಟ ಬಿದಿರು ಮೆಳೆ. ಎಲ್ಲಿಂದಲೋ ಗಂಧಸಾಲೆ ಅನ್ನ ಬಸಿಯುವ ಹಾಗೆ ಘಮ ಬರುತ್ತಿದೆ.' ಚಿಕ್ಕಪ್ಪನ ಮಗ ತಕ್ಷಣ, 'ಹತ್ತಿರದಲ್ಲಿ ಮನೆ ಇದೆ ಕಣೋ, ನಡೀರಿ' ಅಂದ. ನಾಲ್ಕೂ ಪಾತ್ರಗಳು ಘಮ ಹಿಡಿದು ಮೆಳೆಯೊಳಗೆ ನಡೆದವು. ಅಲ್ಲಿ ಒಲೆ ಇರಲಿಲ್ಲ, ಎದೆಯೆತ್ತರಕ್ಕೆ ಉಗುರಿನಿಂದ ಸೀಳಿದ ಮರ ಇತ್ತು. ತಂಗಿ ಮೆಲ್ಲಗೆ, 'ಯಾರೂ ಓಡಬೇಡಿ' ಅಂದಳು. ಹುಲಿ ಆ ದಿನ ಕಾಣಿಸಿಕೊಳ್ಳಲೇ ಇಲ್ಲ. ಮೂರು ಗಂಟೆ ಆಟದಲ್ಲಿ ಒಂದು ಕತ್ತಿಯೂ ಹೊರಗೆ ಬರಲಿಲ್ಲ. ನಾನು ನಡೆಸಿದ ಆಟಗಳಲ್ಲಿ ನನಗೆ ಅತೀ ಇಷ್ಟವಾದದ್ದು ಅದೇ.

ಚಿರತೆಗೂ ಹೀಗೇ. ಗರಗಸದಲ್ಲಿ ಮರ ಕೊಯ್ದ ಹಾಗೆ ಅದರ ಕೂಗು. ಮರಗಳ್ಳರು ಬಂದಿದ್ದಾರೆ ಅಂದುಕೊಂಡು ನಮ್ಮವರು ದೀಪ ಆರಿಸಿ ತೆವಳಿಕೊಂಡು ಹೋದರು. ಕರಿ ಚಿರತೆ ಬೇರೆ ಜಾತಿ ಅಂತ ಆಟದಲ್ಲಿ ತುಂಬಾ ಜನ ತಿಳಿದಿದ್ದಾರೆ. ನಮ್ಮ ಭಾಷೆಯ ಹೆಸರಲ್ಲೇ ಉತ್ತರ ಇದೆ, ಅದು ಚಿರತೆಯೇ, ಬಣ್ಣ ಕರಿ, ಬಿಸಿಲು ಬಿದ್ದರೆ ಒಳಗಿನ ಚುಕ್ಕೆ ಕಾಣುತ್ತದೆ.

ಇನ್ನೊಂದು ನಿಯಮ ಸುಂದರಬನದಿಂದ ಬಂತು. ಅಲ್ಲಿ 1980ರ ದಶಕದಲ್ಲಿ ಕಾಡಿಗೆ ಹೋಗುವವರು ತಲೆಯ ಹಿಂದೆ ಮನುಷ್ಯನ ಮುಖವಾಡ ಕಟ್ಟಿಕೊಂಡು ನೋಡಿದರು, ಯಾಕೆಂದರೆ ಹುಲಿ ಬೆನ್ನ ಕಡೆಯಿಂದ ಬರುತ್ತದೆ. ಅದನ್ನು ಓದಿದ ಮೇಲೆ ನಾನು ಪಾತ್ರಗಳ ಬದಲಿಗೆ ಮೇಜಿನ ಮೇಲಿಡುವ ಪ್ರತಿ ಗೊಂಬೆಗೂ ಮುಖ ಯಾವ ಕಡೆ ಅಂತ ಬಾಣದ ಗುರುತು ಅಂಟಿಸಿದೆ. ಯಾರೂ ನೋಡದ ದಿಕ್ಕು ಯಾವುದೋ ಹುಲಿ ಬರುವುದು ಅಲ್ಲಿಂದ. ಈಗ ರಾತ್ರಿ ಬಿಡಾರ ಹೂಡಿದಾಗ ನಾಲ್ವರೂ ಬೆನ್ನಿಗೆ ಬೆನ್ನು ಕೊಟ್ಟು ಕೂರುತ್ತಾರೆ.

ಹಾಗಾದರೂ ಮುಖಾಮುಖಿ ಆದರೆ? ಆಗ ಕವಡೆ. ಚೌಕಾಬಾರದ ನಾಲ್ಕು ಕವಡೆ ಮೇಜಿನ ನಡುವೆ ಇಡುತ್ತೇನೆ, ಹುಲಿ ಏನು ಮಾಡುತ್ತದೆ ಅನ್ನುವುದನ್ನು ಅವು ಹೇಳಬೇಕು. ನಾಲ್ಕೂ ಅಂಗಾತ ಬಿದ್ದರೆ ಮಾತ್ರ ಮೈಮೇಲೆ ಬರುತ್ತದೆ. ಒಂದು, ಎರಡು, ಮೂರು ಬಿದ್ದರೆ ದೂರ ಸರಿಯುತ್ತದೆ, ನಿಂತು ನೋಡುತ್ತದೆ, ಇಲ್ಲಾ ಗುರುಗುಟ್ಟಿ ಎರಡು ಹೆಜ್ಜೆ ಮುಂದಿಟ್ಟು ಹೆದರಿಸುತ್ತದೆ. ಒಂದೂ ಬೀಳದಿದ್ದರೆ ಬಂದದ್ದೇ ಗೊತ್ತಾಗದ ಹಾಗೆ ಹೋಗಿರುತ್ತದೆ. ಮೈಮೇಲೆ ಬಂದ ಹುಲಿಯೂ ಸಾಯುವ ತನಕ ಕಾದಾಡುವುದಿಲ್ಲ. ಮೂರರಲ್ಲಿ ಒಂದು ಪಾಲು ಪೆಟ್ಟಾದರೆ ಬಿಟ್ಟು ಹೋಗುತ್ತದೆ. ಒಂಟಿಯಾಗಿ ಬೇಟೆಯಾಡುವ ಪ್ರಾಣಿ ಕಾಲು ಮುರಿದುಕೊಂಡರೆ ತಂದು ತಿನ್ನಿಸುವವರು ಯಾರೂ ಇಲ್ಲ. ಸಿಂಹದ ಲೆಕ್ಕ ಬೇರೆ, ಅದಕ್ಕೆ ಗುಂಪಿದೆ.

ಒಮ್ಮೆ ನಾಲ್ಕೂ ಅಂಗಾತ ಬಿದ್ದವು. ಆಫೀಸಿನ ಗೆಳೆಯ 'ಹೊಯ್ ಸಳ' ಅಂತ ಕೂಗಿ ದಾಳ ಎತ್ತಿಕೊಂಡ, ಶಾಲೆಯಲ್ಲಿ ಓದಿದ್ದು ಎಲ್ಲರಿಗೂ ನೆನಪಿದೆ. ದಾಳ 17 ಬಿತ್ತು, ಈಟಿ ಭುಜಕ್ಕೆ ತಾಗಿತು, ಹುಲಿ ತಿರುಗಿ ಪೊದೆ ಸೇರಿತು. ಅವನು ಅಟ್ಟಿಸಿಕೊಂಡು ಹೋಗುತ್ತಾನೆ ಅಂತ ನಾನು ಕಾದೆ. ಅವನು ನಿಂತು, 'ಅದಕ್ಕೆ ಮರಿ ಇದೆಯಾ?' ಅಂತ ಕೇಳಿದ. ಹಳೆಯ ಹೆಜ್ಜೆ ಗುರುತನ್ನು ಅವನು ಮರೆತಿರಲಿಲ್ಲ. ಇದೆ, ಎರಡು ಅಂದೆ. ತಂಗಿ ಚೀಲದಿಂದ ಒಣಮಾಂಸ ತೆಗೆದು ಇಟ್ಟು ಬರುತ್ತೇನೆ ಅಂದಳು. ಬೇಡ, ಮನುಷ್ಯರ ತಿಂಡಿಯ ರುಚಿ ಹತ್ತಿಸಬಾರದು ಅಂತ ಉಳಿದವರೇ ತಡೆದರು, ಅದರ ಮೇಲೆ ಅರ್ಧ ಗಂಟೆ ವಾದ ನಡೆಯಿತು.

ಆಟದ ಕಾಲದಲ್ಲಿ ಆ ಮರಿಗಳಿಗೆ ಈಗ 20 ತಿಂಗಳು. ತಾಯಿಯನ್ನು ಬಿಟ್ಟು ಸ್ವಂತ ಜಾಗ ಹುಡುಕುವ ವಯಸ್ಸು. ನಕಾಶೆಯಲ್ಲಿ ಬಡಗಣ ಕಾಡೆಲ್ಲ ಒಂದು ದೊಡ್ಡ ಗಂಡಿನದು, ತೆಂಕಣ ಕಡೆ ಹೊಳೆ, ಉಳಿದದ್ದು ಊರಿನ ಜೋಳದ ಹೊಲದ ಅಂಚು. ಗಂಡು ಮರಿ ಎಲ್ಲಿಗೆ ಹೋಗುತ್ತದೆ ಅಂತ ಈ ಶನಿವಾರ ರಾತ್ರಿ ದಾಳ ಹಾಕಬೇಕು.