ನಾಲ್ಕು ಸಾವಿರ ಆರ್‌ಪಿಎಂ ದಾಟಿದರೆ ಮಿಸ್ಸಿಂಗ್: ನನ್ನ ಕಾರಿನ ದೋಷ ಕೊನೆಗೂ ಸಿಕ್ಕಿದ್ದು ಹೀಗೆ

ಮೂರನೇ ಗೇರಿನಲ್ಲಿ ಏರು ಹತ್ತುವಾಗ ಮುಳ್ಳು 4000 ದಾಟಿತೋ ಇಲ್ಲವೋ, ಕಾರು ಕಟ್ಟಿಹಾಕಿದಂತೆ ಜಗ್ಗತೊಡಗುತ್ತಿತ್ತು. ಜೊತೆಗೆ ಚೆಕ್ ಎಂಜಿನ್ ದೀಪ ಮಿಟುಕುತ್ತಿತ್ತು. ಎಕ್ಸಲರೇಟರ್ ಮೇಲಿನ ಕಾಲು ಸಡಿಲಿಸಿದರೆ ಎಲ್ಲವೂ ಮಾಯ. ಐಡಲ್‌ನಲ್ಲಿ ಒಂದಿಷ್ಟೂ ನಡುಕವಿಲ್ಲ. ನ್ಯೂಟ್ರಲ್‌ನಲ್ಲಿ 5500ರವರೆಗೆ ಏರಿಸಿದರೂ ಸದ್ದು ಒಂದೇ ಸಮ.

ದೀಪ ಸುಮ್ಮನೆ ಉರಿಯುವುದಕ್ಕೂ ಮಿಟುಕುವುದಕ್ಕೂ ಬಹಳ ವ್ಯತ್ಯಾಸವಿದೆ. ಮಿಟುಕಿದರೆ, ಸುಡದ ಪೆಟ್ರೋಲ್ ಹೊಗೆ ಶುದ್ಧಗೊಳಿಸುವ ಕ್ಯಾಟಲಿಟಿಕ್ ಕನ್ವರ್ಟರ್‌ಗೆ ಹೋಗಿ ಅಲ್ಲಿ ಉರಿಯುತ್ತಿದೆ ಎಂದೇ ತಿಳಿಯಬೇಕು. ಹೀಗೇ ಓಡಿಸಿದರೆ ಒಳಗಿನ ಸೆರಾಮಿಕ್ ಜೇನುಗೂಡು ಕರಗಿಹೋಗುತ್ತದೆ. ಆದ್ದರಿಂದ ಅಂದಿನಿಂದ ಗಾಡಿಯನ್ನು 3000 ಆರ್‌ಪಿಎಂ ಮೀರಿಸಲಿಲ್ಲ. ಪರೀಕ್ಷೆಗೆಂದು ಏರಿಸಿದ್ದು ಪ್ರತಿ ಸಲ ನಾಲ್ಕೈದು ಸೆಕೆಂಡ್ ಮಾತ್ರ, ಅದೂ ಖಾಲಿ ರಸ್ತೆಯಲ್ಲಿ.

ಸ್ಕ್ಯಾನರ್ ಹಾಕಿದಾಗ ಎರಡು ಕೋಡ್ ಸಿಕ್ಕವು: ಪಿ0300 ಮತ್ತು ಪಿ0303. ಮೊದಲನೆಯದು ಯಾವ ಸಿಲಿಂಡರ್ ಎಂದು ಗೊತ್ತಾಗದ ಮಿಸ್‌ಫೈರ್, ಎರಡನೆಯದು ಮೂರನೇ ಸಿಲಿಂಡರ್‌ನದು. ಮಿಸ್‌ಫೈರ್ ಅಂದರೆ ಮಿಸ್ಸಿಂಗ್, ಸಿಲಿಂಡರ್‌ನಲ್ಲಿ ಪೆಟ್ರೋಲ್ ಸರಿಯಾಗಿ ಹೊತ್ತಿಕೊಳ್ಳದಿರುವುದು. ದೋಷ ಕಂಡ ಕ್ಷಣದ ದಾಖಲೆಯಾದ ಫ್ರೀಜ್ ಫ್ರೇಮ್‌ನಲ್ಲಿ 4180 ಆರ್‌ಪಿಎಂ, ಲೋಡ್ (ಎಂಜಿನ್ ಮೇಲಿನ ಹೊರೆ) ಶೇ. 86 ಎಂದಿತ್ತು. ಕೋಡ್ ಅಳಿಸುವ ಮೊದಲು ಇದನ್ನು ಬರೆದಿಟ್ಟುಕೊಳ್ಳಬೇಕು, ಅಳಿಸಿದರೆ ಇದೂ ಹೋಗುತ್ತದೆ.

ನಾನು ದಾರಿ ತಪ್ಪಿದ್ದು ಇಲ್ಲಿಂದ ಮುಂದೆ. ಜಗ್ಗುವ ಹೊತ್ತಿನ ಡೇಟಾ ರೆಕಾರ್ಡ್ ಮಾಡಿ ನೋಡಿದರೆ, ಪೂರ್ತಿ ಎಕ್ಸಲರೇಟರ್ ಒತ್ತಿದಾಗ 0.9 ವೋಲ್ಟ್ ಹತ್ತಿರ ಇರಬೇಕಾದ ಆಕ್ಸಿಜನ್ ಸೆನ್ಸರ್ 0.1ಕ್ಕೆ ಕುಸಿಯುತ್ತಿತ್ತು. ಅಂದರೆ ಮಿಶ್ರಣ ಲೀನ್, ಪೆಟ್ರೋಲ್ ಸಾಲುತ್ತಿಲ್ಲ. ವೇಗ ಹೆಚ್ಚಿದಾಗ ಪಂಪ್ ಸೋಲುತ್ತಿದೆ ಎಂದು ನಂಬಿ ಫ್ಯೂಯಲ್ ಫಿಲ್ಟರ್ ಬದಲಿಸಿದೆ. ಆಮೇಲೆ ಒತ್ತಡ ಅಳೆಯುವ ಗೇಜ್ ಜೋಡಿಸಿ ಓಡಿಸಿದೆ. ಜಗ್ಗುವಾಗಲೂ ಮುಳ್ಳು 3.5 ಬಾರ್ ಬಿಟ್ಟು ಕದಲಲಿಲ್ಲ. ಫಿಲ್ಟರ್ ಬದಲಿಸುವ ಮೊದಲೇ ಗೇಜ್ ಹಾಕಬೇಕಿತ್ತು.

ಆಮೇಲೆ ಹೊಳೆದದ್ದು ಇದು: ಆ ಸೆನ್ಸರ್ ಪೆಟ್ರೋಲನ್ನು ಅಳೆಯುವುದಿಲ್ಲ, ಹೊಗೆಯಲ್ಲಿ ಉಳಿದ ಆಮ್ಲಜನಕವನ್ನು ಅಳೆಯುತ್ತದೆ. ಒಂದು ಸಿಲಿಂಡರ್ ಹೊತ್ತಿಕೊಳ್ಳದಿದ್ದರೆ ಅದರ ಪೆಟ್ರೋಲೂ ಗಾಳಿಯೂ ಹಾಗೇ ಹೊರಬೀಳುತ್ತವೆ. ಸೆನ್ಸರ್‌ಗೆ ಕಾಣುವುದು ಗಾಳಿಯಷ್ಟೇ. ರೆಕಾರ್ಡ್ ಮತ್ತೆ ತೆರೆದು ಯಾವುದು ಮೊದಲು ಎಂದು ನೋಡಿದೆ. ಮೂರನೇ ಸಿಲಿಂಡರ್‌ನ ಮಿಸ್‌ಫೈರ್ ಎಣಿಕೆ ಮೊದಲು ಏರುತ್ತಿತ್ತು, ಲೀನ್ ಆಗುತ್ತಿದ್ದುದು ಅದರ ಹಿಂದೆ. ಲೀನ್ ಕಾರಣವಲ್ಲ, ಪರಿಣಾಮ.

ಅದೇ ರೆಕಾರ್ಡ್‌ನಲ್ಲಿ ಇನ್ನೊಂದು ಸುಳಿವೂ ಇತ್ತು. ಮಿಸ್ಸಿಂಗ್ ತೀರಾ ಜೋರಾಗಿದ್ದುದು 4000ದಿಂದ 4500ರ ನಡುವೆ, 5500 ಹತ್ತಿರ ತುಸು ಕಡಿಮೆ. ವೇಗವೇ ಕಾರಣವಾಗಿದ್ದರೆ ಹೆಚ್ಚಬೇಕಿತ್ತು. ನನ್ನ ಎಂಜಿನ್ನಿನ ಗರಿಷ್ಠ ಟಾರ್ಕ್ ಬರುವುದು ಸುಮಾರು 4200ರಲ್ಲಿ. ಸಿಲಿಂಡರ್‌ಗೆ ಗಾಳಿ ಅತಿ ಹೆಚ್ಚು ತುಂಬುವುದೂ ಆಗಲೇ. ಒತ್ತಡ ಹೆಚ್ಚಿದಷ್ಟೂ ಸ್ಪಾರ್ಕ್ ಪ್ಲಗ್‌ನ ತುದಿಯ ಗ್ಯಾಪ್ ದಾಟಲು ಕಿಡಿಗೆ ಹೆಚ್ಚು ವೋಲ್ಟೇಜ್ ಬೇಕು. ಖಚಿತಪಡಿಸಿಕೊಳ್ಳಲು ಐದನೇ ಗೇರಿನಲ್ಲಿ 2000 ಆರ್‌ಪಿಎಂನಿಂದ ಪೂರ್ತಿ ಒತ್ತಿ ನೋಡಿದೆ. ಅಲ್ಲೂ ಒಂದೆರಡು ಸಲ ಮುಗ್ಗರಿಸಿತು. ಹೈ ಆರ್‌ಪಿಎಂ ದೋಷ ಎಂದುಕೊಂಡಿದ್ದು ನಿಜದಲ್ಲಿ ಲೋಡ್ ದೋಷ. ನ್ಯೂಟ್ರಲ್‌ನಲ್ಲಿ ಕಾಣದಿದ್ದುದೂ ಇದಕ್ಕೇ.

ಕಿಡಿಯನ್ನು ಸರದಿಯಂತೆ ಪ್ಲಗ್‌ಗಳಿಗೆ ಹಂಚುವ ಹಳೆಯ ಡಿಸ್ಟ್ರಿಬ್ಯೂಟರ್ ಎಂಜಿನ್ನುಗಳಲ್ಲಿ ಲೆಕ್ಕ ಬೇರೆ. ನಾಲ್ಕು ಸಿಲಿಂಡರ್‌ಗೂ ಕಿಡಿಯ ವೋಲ್ಟೇಜ್ ಕೊಡುವ ಕಾಯಿಲ್ ಒಂದೇ, 6000 ಆರ್‌ಪಿಎಂನಲ್ಲಿ ಎರಡು ಕಿಡಿಗಳ ನಡುವೆ ಸಿಗುವುದು 5 ಮಿಲಿಸೆಕೆಂಡ್. ಅಲ್ಲಿ ಬರೀ ವೇಗಕ್ಕೇ ಕಾಯಿಲ್ ಸೋಲಬಹುದು. ನನ್ನದರಲ್ಲಿ ಪ್ರತಿ ಪ್ಲಗ್‌ಗೂ ಒಂದು ಕಾಯಿಲ್, ಅದೇ ವೇಗದಲ್ಲಿ 20 ಮಿಲಿಸೆಕೆಂಡ್ ಬಿಡುವು.

ಇನ್ನು ಅದಲುಬದಲು ಪರೀಕ್ಷೆ. ಮೂರನೆಯ ಕಾಯಿಲ್ ಒಂದಕ್ಕೆ, ಒಂದರದ್ದು ಮೂರಕ್ಕೆ. ಮಿಸ್‌ಫೈರ್ ಮೂರರಲ್ಲೇ ಉಳಿಯಿತು, ಕಾಯಿಲ್ ಸರಿಯಿದೆ ಎಂದುಕೊಂಡೆ. ಪ್ಲಗ್ ಬಿಚ್ಚಿದೆ. ಮ್ಯಾನುಯಲ್ ಪ್ರಕಾರ ಗ್ಯಾಪ್ 1.1 ಮಿ.ಮೀ. ಇರಬೇಕು, ನಾಲ್ಕರಲ್ಲೂ ಸವೆದು 1.3 ಆಗಿತ್ತು. ಮೂರನೆಯದರ ಬಿಳಿ ಸೆರಾಮಿಕ್ ಮೇಲೆ ಪೆನ್ಸಿಲ್‌ನಲ್ಲಿ ಎಳೆದಂಥ ಕಪ್ಪು ಗೆರೆ, ಮೇಲಿನಿಂದ ಲೋಹದ ಅಂಚಿನವರೆಗೆ. ಇದೇ ಕಾರ್ಬನ್ ಟ್ರ್ಯಾಕ್, ಕಿಡಿ ಹೊರಗಿನಿಂದ ಹರಿದು ಮೂಡಿದ ಗೆರೆ. ಗ್ಯಾಪ್ ದಾಟುವುದು ಕಷ್ಟವಾದಾಗಲೆಲ್ಲ ಕಿಡಿ ಈ ಗೆರೆ ಹಿಡಿದು ಹೊರಗಿನಿಂದಲೇ ಇಳಿದುಹೋಗುತ್ತಿತ್ತು. ನಾಲ್ಕೂ ಹೊಸ ಪ್ಲಗ್ ಹಾಕಿದೆ, ಎಂಜಿನ್ ತಣ್ಣಗಿದ್ದಾಗ, ಟಾರ್ಕ್ ರೆಂಚ್‌ನಿಂದಲೇ. ಅಲ್ಯೂಮಿನಿಯಂ ಹೆಡ್‌ನಲ್ಲಿ ಪ್ಲಗ್ ತಿರುಗಿ ಕೂರುವ ಥ್ರೆಡ್ ಹಾಳಾದರೆ ಇದಕ್ಕಿಂತ ದೊಡ್ಡ ಕೆಲಸ. ಗಾಡಿ ಹಗುರಾಗಿ ಎಳೆಯಿತು.

ಎಂಟು ದಿನ ಅಷ್ಟೇ. ಮತ್ತೆ ಜಗ್ಗಿತು. ಈ ಸಲ ಕೋಡ್ ಪಿ0301.

ಒಂದನೇ ಸಿಲಿಂಡರ್! ಒಂದು ಕ್ಷಣ ಕೈಚೆಲ್ಲಿ ಕೂತೆ. ನಂತರ ನೆನಪಾಯಿತು: ಅದಲುಬದಲು ಮಾಡಿದ್ದ ಕಾಯಿಲ್‌ಗಳನ್ನು ಹಾಗೇ ಬಿಟ್ಟಿದ್ದೆ. ಮೂರರ ಹಳೆಯ ಕಾಯಿಲ್ ಈಗ ಒಂದರಲ್ಲಿದೆ. ಅದರ ತುದಿಯಲ್ಲಿ ಪ್ಲಗ್ ಮೇಲೆ ಕೂರುವ ರಬ್ಬರ್ ಬೂಟ್ ಕಳಚಿ ಉದ್ದಕ್ಕೆ ಸೀಳಿ ನೋಡಿದಾಗ ಒಳಗೋಡೆಯಲ್ಲಿ ಅದೇ ಕಪ್ಪು ಗೆರೆ. ಟ್ರ್ಯಾಕ್ ಸಾಮಾನ್ಯವಾಗಿ ಜೋಡಿಯಾಗಿಯೇ ಇರುತ್ತದೆ, ಪ್ಲಗ್ ಮೇಲೆ ಒಂದು, ಬೂಟಿನೊಳಗೆ ಒಂದು. ಕಾಯಿಲ್ ಮಾತ್ರ ಬದಲಿಸಿದಾಗ ಗೆರೆಬಿದ್ದ ಪ್ಲಗ್ ಮೂರರಲ್ಲೇ ಇತ್ತು, ಅದಕ್ಕೇ ಮಿಸ್‌ಫೈರ್ ಕದಲಲಿಲ್ಲ. ಪ್ಲಗ್ ಮಾತ್ರ ಬದಲಿಸಿದಾಗ ಗೆರೆಬಿದ್ದ ಬೂಟ್ ಒಂದರ ಹೊಸ ಪ್ಲಗ್‌ಗೂ ಗೆರೆ ಹಾಕಿತು.

ಇಷ್ಟಕ್ಕೂ ಮೂರರಲ್ಲೇ ಶುರುವಾಗಿದ್ದೇಕೆ? ಟಾರ್ಚ್ ಬಿಟ್ಟು ನೋಡಿದರೆ ಆ ಪ್ಲಗ್ ಕುಳಿಯ ತಳದಲ್ಲಿ ಆಯಿಲ್ ಮಿನುಗುತ್ತಿತ್ತು. ಕುಳಿಯೊಳಗೆ ಆಯಿಲ್ ಬಾರದಂತೆ ತಡೆಯುವ ವಾಲ್ವ್ ಕವರ್‌ನ ಟ್ಯೂಬ್ ಸೀಲ್ ಗಟ್ಟಿಯಾಗಿ ಜಿನುಗಿ, ಆ ಆಯಿಲ್ ಬೂಟಿನ ರಬ್ಬರನ್ನು ಮೆತ್ತಗಾಗಿಸಿತ್ತು. ಸವೆದ ಗ್ಯಾಪ್ ಉಳಿದದ್ದನ್ನು ಮಾಡಿತ್ತು. ಟ್ಯೂಬ್ ಸೀಲುಗಳು, ವಾಲ್ವ್ ಕವರ್ ಗ್ಯಾಸ್ಕೆಟ್, ನಾಲ್ಕೂ ಬೂಟುಗಳು ಮತ್ತು ಒಂದನೇ ಪ್ಲಗ್ ಬದಲಿಸಿ, ಕುಳಿಗಳನ್ನು ಒರೆಸಿ, ಬೂಟಿನ ಬಾಯಿಗೆ ವಿದ್ಯುತ್ ಹರಿಯಗೊಡದ ಡೈಎಲೆಕ್ಟ್ರಿಕ್ ಗ್ರೀಸ್ ತೆಳ್ಳಗೆ ಸವರಿ ಕೂರಿಸಿದೆ.

ಅದೇ ಏರು, ಅದೇ ಮೂರನೇ ಗೇರು. 6000ದವರೆಗೂ ಒಂದೇ ಉಸಿರಿಗೆ ಹತ್ತಿತು, ಮಿಸ್‌ಫೈರ್ ಎಣಿಕೆ ನಾಲ್ಕರಲ್ಲೂ ಸೊನ್ನೆ. ಆಮೇಲೆ 7000 ಕಿ.ಮೀ. ಓಡಿದೆ. ಮೊನ್ನೆ ಮೂರನೇ ಕಾಯಿಲ್ ಎತ್ತಿ ನೋಡಿದೆ, ಕುಳಿ ಒಣಗಿಯೇ ಇದೆ.