ಪುಟ್ಟ ರೈಲಿಗೆ ನಮ್ಮೂರಿನ ಕೆಂಪು ನೆಲ

ಮಾದರಿ ರೈಲಿನ ಹವ್ಯಾಸ ಇರುವವರ ಮನೆಗೆ ಹೋದಾಗ ಒಂದು ಕೊರತೆ ಮತ್ತೆ ಮತ್ತೆ ಕಣ್ಣಿಗೆ ಬೀಳುತ್ತದೆ. ಎಂಜಿನ್‌ಗೆ, ಬೋಗಿಗಳಿಗೆ ಸಾವಿರಾರು ರೂಪಾಯಿ ಸುರಿದಿರುತ್ತಾರೆ. ಹಳಿ ಅಚ್ಚುಕಟ್ಟಾಗಿರುತ್ತದೆ. ನೆಲ ಮಾತ್ರ ಮದುವೆ ಹಾಲ್‌ನಲ್ಲಿ ಹಾಸಿದ ಹಸಿರು ಕಾರ್ಪೆಟ್‌ನಂತೆ ಇರುತ್ತದೆ. ಇಲ್ಲವಾದರೆ ಹಾಕಿದ ಮಣ್ಣೆಲ್ಲ ಎದ್ದು ಬಂದು ಗಾಲಿಗೆ ಸಿಕ್ಕಿಕೊಳ್ಳುತ್ತಿರುತ್ತದೆ. ಎರಡಕ್ಕೂ ಕಾರಣ ಅವಸರ. ಸಾಮಾನು ದುಬಾರಿಯೇನಲ್ಲ, ಅರ್ಧದಷ್ಟು ನಮ್ಮ ಅಂಗಳದಲ್ಲೇ ಸಿಗುತ್ತದೆ.

ಮೊದಲು ತಿಂಗಳು ತೀರ್ಮಾನಿಸಿ

ಯಾವ ಊರು ಎನ್ನುವುದಕ್ಕಿಂತ ಯಾವ ತಿಂಗಳು ಎನ್ನುವುದು ಮುಖ್ಯ. ಆಗಸ್ಟ್‌ನಲ್ಲಿ ಇಂದ್ರಾಳಿಯ ಉಡುಪಿ ನಿಲ್ದಾಣದ ಸುತ್ತ ನೋಡಿ. ಮಣ್ಣು ಗಾಢ ಕೆಂಪು, ಕಲ್ಲಿನ ಮೇಲೆ ಹಾವಸೆ, ಎಲ್ಲೆಲ್ಲೂ ಹೊಸ ಹುಲ್ಲು. ಮಾರ್ಚ್‌ನಲ್ಲಿ ಅದೇ ಜಾಗ ಬೇರೆಯೇ. ಮಣ್ಣು ಮಾಸಲು ಕಿತ್ತಳೆ, ಪದವಿನ (ಬಯಲು ಗುಡ್ಡದ) ಮುಳಿಹುಲ್ಲು, ಅಂದರೆ ಉದ್ದ ಕಾಡುಹುಲ್ಲು, ಒಣಗಿ ಹೊಂಬಣ್ಣ. ಒಂದೇ ಮೇಜಿನ ಮೇಲೆ ಎರಡನ್ನೂ ಬೆರೆಸಿದರೆ ಕಣ್ಣು ಒಪ್ಪುವುದಿಲ್ಲ. ನನ್ನನ್ನು ಕೇಳಿದರೆ ಡಿಸೆಂಬರ್ ಆರಿಸಿಕೊಳ್ಳಿ. ಹಸಿರೂ ಉಳಿದಿರುತ್ತದೆ, ಒಣಹುಲ್ಲೂ ಶುರುವಾಗಿರುತ್ತದೆ.

ಫೋನಿನಲ್ಲಿ ಫೋಟೋ ತೆಗೆದಿಟ್ಟುಕೊಳ್ಳಿ. ನೆನಪಿನಲ್ಲಿ ಎಲ್ಲ ನೆಲವೂ ಹಸಿರಾಗಿಯೇ ಇರುತ್ತದೆ.

ಅಡಿಪಾಯ

ಥರ್ಮಾಕೋಲ್ ಕೊರೆದು ಗುಡ್ಡ ಮಾಡಿ, ಮೆಡಿಕಲ್‌ನಲ್ಲಿ ಸಿಗುವ ಪ್ಲಾಸ್ಟರ್ ಬ್ಯಾಂಡೇಜ್ ನೆನೆಸಿ ಹೊದಿಸಿ, ಒಣಗಲು ಬಿಡಿ. ಆಮೇಲೆ ಮಣ್ಣಿನ ಬಣ್ಣ ಬಳಿಯಿರಿ. ರೆಡ್ ಆಕ್ಸೈಡ್ ಒಂದನ್ನೇ ಬಳಿದರೆ ಹೊಸ ಹೆಂಚಿನ ಬಣ್ಣ ಬರುತ್ತದೆ, ನೆಲದ ಬಣ್ಣ ಬರುವುದಿಲ್ಲ. ಅದಕ್ಕೆ ಹಳದಿ ಮಣ್ಣಿನ ಬಣ್ಣ, ತುಸು ಕಪ್ಪು ಸೇರಿಸಿ. ನೀರಿನಲ್ಲಿ ಕರಗುವ ಬಣ್ಣವೇ ಆಗಬೇಕು. ಥಿನ್ನರ್ ಇರುವ ಬಣ್ಣ, ಚಪ್ಪಲಿ ಅಂಟಿಸುವ ಕಂದು ಗಮ್ ಎರಡೂ ಥರ್ಮಾಕೋಲನ್ನು ಕರಗಿಸಿಬಿಡುತ್ತವೆ. ಬಿಳಿ ಜಾಗ ಎಲ್ಲೂ ಉಳಿಯಬಾರದು. ಮುಂದೆ ಎಲ್ಲಾದರೂ ಮಣ್ಣು ಉದುರಿದರೆ ಕೆಳಗೆ ಕಾಣುವುದು ಕೆಂಪೇ ಆಗಿರಲಿ.

ಮಣ್ಣು ಮತ್ತು ಜಲ್ಲಿ

ನೆಲಕ್ಕೆ ನಿಜವಾದ ಮಣ್ಣಿಗಿಂತ ಒಳ್ಳೆಯದು ಬೇರೆ ಇಲ್ಲ. ಮುರಕಲ್ಲಿನ (ಕರಾವಳಿಯಲ್ಲಿ ಮನೆ ಕಟ್ಟುವ ಕೆಂಪು ಕಲ್ಲಿನ) ಹುಡಿ ಇನ್ನೂ ಒಳ್ಳೆಯದು. ಮನೆ ಕಟ್ಟುವಲ್ಲಿ ಕಲ್ಲು ಕೆತ್ತಿದ ಕಡೆ ಒಂದು ಡಬ್ಬ ತುಂಬಿಕೊಂಡು ಬನ್ನಿ. ಹಳೇ ಬಾಣಲೆಯಲ್ಲಿ ಹದವಾಗಿ ಹುರಿಯಿರಿ. ತೇವ ಹೋಗುತ್ತದೆ, ಹುಳದ ಮೊಟ್ಟೆ, ಬೂಸ್ಟಿನ ಬೀಜ ಸಾಯುತ್ತವೆ. ವರ್ಷಕ್ಕೆ 3,000 ಮಿಲಿಮೀಟರಿಗೂ ಹೆಚ್ಚು ಮಳೆ ಬೀಳುವ ಊರಿನಲ್ಲಿ ಈ ಹಂತ ಬಿಟ್ಟರೆ ಜುಲೈ ಹೊತ್ತಿಗೆ ನಿಮ್ಮ ಗುಡ್ಡದ ಮೇಲೆ ಬಿಳಿ ಬೂಸ್ಟು ಗ್ಯಾರಂಟಿ.

ಇನ್ನೊಂದು ಕೆಲಸವನ್ನು ಬಹಳ ಜನ ಮಾಡುವುದೇ ಇಲ್ಲ. ಅಯಸ್ಕಾಂತ ಆಡಿಸುವುದು. ನಮ್ಮ ಕೆಮ್ಮಣ್ಣಿಗೆ ಆ ಕೆಂಪು ಬಂದಿರುವುದೇ ಕಬ್ಬಿಣದಿಂದ. ಅದರಲ್ಲಿ ಅಯಸ್ಕಾಂತಕ್ಕೆ ಅಂಟುವ ಕಣಗಳೂ ಇರಬಹುದು. ಎಂಜಿನ್ನಿನ ಮೋಟಾರಿನಲ್ಲಿ ಅಯಸ್ಕಾಂತ ಇದೆ, ಅಲ್ವಾ? ಹಳಿಯ ಪಕ್ಕದಿಂದ ಆ ಕಣಗಳನ್ನು ಎಳೆದುಕೊಂಡು ಮೋಟಾರು ಕೆಟ್ಟು ಕೂರುತ್ತದೆ. ಗುಜರಿ ಅಂಗಡಿಯಲ್ಲಿ ಹಳೇ ಸ್ಪೀಕರಿನ ಅಯಸ್ಕಾಂತ ಸಿಗುತ್ತದೆ. ಅದನ್ನು ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ ಹುಡಿಯ ಮೇಲೆ ಆಡಿಸಿ. ಚೀಲ ತೆಗೆದು ಕೊಡವಿದರೆ ಕಪ್ಪು ಹುಡಿ ಉದುರುತ್ತದೆ. ಏನೂ ಅಂಟದಿರುವ ತನಕ ಆಡಿಸಿ.

ಸಮುದ್ರದ ಮರಳು ಬೇಡವೇ ಬೇಡ. ಪಣಂಬೂರಿನದ್ದಾಗಲಿ ಮಲ್ಪೆಯದ್ದಾಗಲಿ, ಅದರಲ್ಲಿ ಉಪ್ಪಿರುತ್ತದೆ. ಉಪ್ಪು ತೇವ ಎಳೆಯುತ್ತದೆ, ಹಳಿಗೆ ಕಿಲುಬು ಹಿಡಿಸುತ್ತದೆ.

ಹಳಿಯ ಕೆಳಗಿನ ಜಲ್ಲಿಗೆ ಲೆಕ್ಕ ಬೇಕು. ನಮ್ಮ ರೈಲ್ವೆಯ ಜಲ್ಲಿ ಸುಮಾರು 20ರಿಂದ 65 ಮಿಲಿಮೀಟರ್ ಗಾತ್ರದ್ದು. ಮಾದರಿ ರೈಲಿನ ಎಚ್‌ಒ ಅಳತೆ ಅಂದರೆ 1:87, ನಿಜವಾದ ಗಾತ್ರದ 87ರಲ್ಲಿ ಒಂದು ಪಾಲು. ಭಾಗಿಸಿ ನೋಡಿ, ಕಾಲು ಮಿಲಿಮೀಟರಿನಿಂದ ಮುಕ್ಕಾಲು ಮಿಲಿಮೀಟರ್. 1:160ರ ಎನ್ ಅಳತೆಯಲ್ಲಿ ಇನ್ನೂ ಸಣ್ಣದು. ಮೀನಿನ ತೊಟ್ಟಿಗೆ ಹಾಕುವ ಕಲ್ಲು ತಂದು ಸುರಿಯುವವರಿದ್ದಾರೆ. 3 ಮಿಲಿಮೀಟರಿನ ಆ ಹರಳು ಎಚ್‌ಒ ಲೋಕದಲ್ಲಿ 26 ಸೆಂಟಿಮೀಟರಿನ ಬಂಡೆ! ಜಲ್ಲಿ ಕ್ರಷರಿನ ಹುಡಿ ತನ್ನಿ. ಚಾ ಸೋಸುವ ಜರಡಿಯಲ್ಲಿ ದೊಡ್ಡದನ್ನು ತೆಗೆಯಿರಿ. ಉಳಿದದ್ದನ್ನು ಹಳೇ ನೈಲಾನ್ ಕಾಲುಚೀಲಕ್ಕೆ ಹಾಕಿ ಅಲ್ಲಾಡಿಸಿದರೆ ಧೂಳು ಹೊರಗೆ ಬೀಳುತ್ತದೆ, ಬೇಕಾದದ್ದು ಒಳಗೆ ಉಳಿಯುತ್ತದೆ. ಇದಕ್ಕೂ ಅಯಸ್ಕಾಂತ ಆಡಿಸಲು ಮರೆಯಬೇಡಿ.

ಅಂಟಿಸುವುದು: ಇಲ್ಲೇ ಎಲ್ಲರೂ ಎಡವುವುದು

ಒಣ ಹುಡಿಯ ಮೇಲೆ ಗೋಂದು ಹಾಕಿದರೆ ಅದು ಒಳಗೆ ಇಳಿಯುವುದಿಲ್ಲ. ಮೇಲೆಯೇ ಮುತ್ತು ಕಟ್ಟಿ ಉರುಳುತ್ತದೆ, ಉರುಳುವಾಗ ಹುಡಿಯನ್ನೂ ಸುತ್ತಿಕೊಳ್ಳುತ್ತದೆ. ಒಣಗಿದ ಮೇಲೆ ಅಲ್ಲಲ್ಲಿ ಗಟ್ಟಿ ಉಂಡೆ, ನಡುವೆ ಹೊಂಡ. ಇದಕ್ಕೆ ಪರಿಹಾರ ಒಂದೇ, ಮೊದಲು ಒದ್ದೆ ಮಾಡುವುದು.

ಮಣ್ಣು ಹಾಕುವಲ್ಲಿ ಮೊದಲು ಅರ್ಧ ಫೆವಿಕಾಲ್, ಅರ್ಧ ನೀರು ಬೆರೆಸಿ ಬ್ರಷ್‌ನಿಂದ ಹಚ್ಚಿ. ಅಂಗೈಯಗಲ ಜಾಗಕ್ಕಷ್ಟೇ ಹಚ್ಚಿ, ಅದು ಒಣಗುವ ಮೊದಲು ಜರಡಿಯಿಂದ ಮಣ್ಣು ಉದುರಿಸಿ. ಹಳಿಯ ನಡುವೆ ಈ ಗೋಂದು ಬೇಡ. ಅಲ್ಲಿ ಜಲ್ಲಿಯನ್ನು ಒಣಗಿದ್ದಾಗಲೇ ಸುರಿದು, ಮೆತ್ತನೆ ಬ್ರಷ್‌ನಿಂದ ಸ್ಲೀಪರುಗಳ (ಹಳಿಯಡಿಯ ಅಡ್ಡಪಟ್ಟಿಗಳ) ನಡುವೆ ತಳ್ಳಿ. ಸ್ಲೀಪರಿನ ತಲೆ ಮೇಲೆ ಒಂದು ಕಾಳೂ ಇರಬಾರದು, ಹಳಿಯ ಒಳಮಗ್ಗುಲಲ್ಲೂ ಇರಬಾರದು. ಬ್ರಷ್‌ನ ಹಿಡಿಯಿಂದ ಹಳಿಯನ್ನು ಮೆಲ್ಲಗೆ ತಟ್ಟಿದರೆ ಕಾಳುಗಳು ತಾವಾಗಿ ಇಳಿಯುತ್ತವೆ. ಈ ಕೆಲಸಕ್ಕೆ ಸಮಯ ಹಿಡಿಯುತ್ತದೆ, ಹಿಡಿಯಲಿ. ಗೋಂದು ಬಿದ್ದ ಮೇಲೆ ಸರಿಪಡಿಸುವುದು ಕಷ್ಟ.

ಈಗ ಒದ್ದೆ ಮಾಡುವ ನೀರು. ಮೆಡಿಕಲ್‌ನ ಸರ್ಜಿಕಲ್ ಸ್ಪಿರಿಟ್ ಮತ್ತು ನೀರು ಸಮ ಪಾಲು. ಸ್ಪಿರಿಟ್ ಸಿಗದಿದ್ದರೆ ಒಂದು ಲೋಟ ನೀರಿಗೆ ಪಾತ್ರೆ ತೊಳೆಯುವ ದ್ರವ ಎರಡು ಹನಿ. ಎರಡೂ ನೀರಿನ ಬಿಗಿ ಸಡಿಲಿಸುತ್ತವೆ, ನೀರು ಕಾಳಿನ ಸಂದಿಗೆ ಇಳಿಯುತ್ತದೆ. ಸ್ಪಿರಿಟ್ ಬಳಸುವಾಗ ಕಿಟಕಿ ತೆರೆದಿಡಿ. ಹಳಿಯ ಕರೆಂಟ್ ತೆಗೆಯಿರಿ, ಹತ್ತಿರ ದೀಪ, ಊದುಬತ್ತಿ ಇರಬಾರದು. ಫ್ಯಾನ್ ಆಫ್ ಮಾಡಿ, ಇಲ್ಲವಾದರೆ ಜಲ್ಲಿಯೆಲ್ಲ ಹಾರುತ್ತದೆ.

ಸ್ಪ್ರೇ ಬಾಟಲಿಯನ್ನು ನೇರ ಜಲ್ಲಿಗೆ ಹಿಡಿಯಬೇಡಿ. ಒಂದಡಿ ಮೇಲೆ, ತುಸು ಆಕಾಶದ ಕಡೆ ಮುಖ ಮಾಡಿ ಒತ್ತಿ. ಮಂಜು ತಾನಾಗಿ ಕೆಳಗೆ ಇಳಿಯಲಿ. ಜಲ್ಲಿಯ ಬಣ್ಣ ಗಾಢವಾಗುವ ತನಕ ಬಿಡದೆ ಮಾಡಿ. ಅರೆಬರೆ ಒದ್ದೆ ಸಾಲದು.

ಅದು ಆರುವ ಮೊದಲೇ ಗೋಂದು. ಒಂದು ಪಾಲು ಫೆವಿಕಾಲ್, ಮೂರು ಪಾಲು ನೀರು, ಒಂದು ಹನಿ ಪಾತ್ರೆ ತೊಳೆಯುವ ದ್ರವ. ಸೂಜಿ ತೆಗೆದ ಸಿರಿಂಜಿನಲ್ಲಿ ತುಂಬಿ, ತುದಿಯನ್ನು ಜಲ್ಲಿಗೆ ತಾಗಿಸಿ ಹನಿಹನಿಯಾಗಿ ಬಿಡಿ. ಮೇಲಿನಿಂದ ಬೀಳಿಸಿದರೆ ಗುಳಿ ಬೀಳುತ್ತದೆ. ಹಾಲಿನ ಬಣ್ಣ ಎಲ್ಲ ಕಡೆ ಹರಡಿದರೆ ಸಾಕಾಯಿತು ಅಂತ ಅರ್ಥ. ಆ ಬಿಳಿ ನೋಡಿ ಗಾಬರಿಯಾಗಿ ಬಟ್ಟೆಯಿಂದ ಒರೆಸಲು ಹೋಗುವವರಿದ್ದಾರೆ. ಮುಟ್ಟಬೇಡಿ. ಒಣಗಿದ ಮೇಲೆ ಪಾರದರ್ಶಕವಾಗುತ್ತದೆ. ಬೇಸಿಗೆಯಲ್ಲಿ ಒಂದು ದಿನ, ಮಳೆಗಾಲದಲ್ಲಿ ಎರಡು ದಿನ ಆ ಕಡೆ ಹೋಗಲೇಬೇಡಿ.

ಪಾಯಿಂಟ್ಸ್, ಅಂದರೆ ರೈಲು ಹಳಿ ಬದಲಿಸುವ ಜಾಗ, ಇರುವಲ್ಲಿ ಅಲುಗಾಡುವ ನಾಲಿಗೆಯ ಸುತ್ತ ಜಲ್ಲಿಯೂ ಬೇಡ, ಗೋಂದೂ ಬೇಡ. ಅಲ್ಲಿಗೆ ಬೂದುಬಣ್ಣ ಬಳಿದು ಬಿಡಿ.

ನೀರು ತಡೆಯುತ್ತದೆ ಅಂತ ಮರೈನ್ ಗೋಂದು ಕೊಡಲು ಅಂಗಡಿಯವರು ನೋಡುತ್ತಾರೆ. ತರಬೇಡಿ. ಮಾಮೂಲಿ ಫೆವಿಕಾಲ್ ಬಿಸಿನೀರಿಗೆ ಮೆತ್ತಗಾಗುತ್ತದೆ. ಮುಂದೆ ಹಳಿ ಬದಲಿಸಬೇಕು ಅನಿಸಿದಾಗ ಅದೇ ನಿಮ್ಮ ಕೈ ಹಿಡಿಯುವುದು.

ಹಸಿರು ಕೊನೆಗೆ, ಕಡಿಮೆ

ಹಸಿರು ಬಣ್ಣ ಹಾಕಿದ ಮರದ ಹುಡಿ ಪ್ಯಾಕೆಟ್‌ನಲ್ಲಿ ಬರುತ್ತದಲ್ಲ, ಅದನ್ನು ಅಂಗಡಿಯಲ್ಲೇ ಬಿಟ್ಟು ಬನ್ನಿ. ಅದು ಕಾಳುಕಾಳಾಗಿಯೇ ಕಾಣುತ್ತದೆ, ಕ್ರಮೇಣ ಬಣ್ಣ ಬಿಡುತ್ತದೆ. ಸೀಟು ಹೊಲಿಯುವವರ ಹತ್ತಿರ ಉಳಿದ ಸ್ಪಂಜಿನ ತುಂಡು ಕೇಳಿ. ಅಕ್ರಿಲಿಕ್ ಬಣ್ಣದ ನೀರಿನಲ್ಲಿ ಅದ್ದಿ, ಹಿಂಡಿ, ಒಣಗಿಸಿ, ಗುಜರಿಗೆ ಹಾಕಬೇಕೆಂದಿದ್ದ ಮಿಕ್ಸಿಯಲ್ಲಿ ರುಬ್ಬಿ. ಅಡುಗೆಯ ಜಾರ್ ಮುಟ್ಟಬೇಡಿ. ಕಡು ಹಸಿರು, ತಿಳಿ ಹಸಿರು, ಹಳದಿ ಹೀಗೆ ಮೂರು ಬಣ್ಣವಾದರೂ ಇರಲಿ.

ಮುಳಿಹುಲ್ಲಿಗೆ ಗೋಣಿಚೀಲದ ದಾರ ಸಾಕು. ಎಳೆ ಬಿಡಿಸಿ, 8-10 ಮಿಲಿಮೀಟರ್ ತುಂಡು ಮಾಡಿ, ಚಿಟಿಕೆಯಷ್ಟು ಹಿಡಿದು ಬುಡಕ್ಕೆ ದಪ್ಪ ಫೆವಿಕಾಲ್ ಮುಟ್ಟಿಸಿ ನೆಡಿ. ತೆಂಗಿನ ನಾರು ದಪ್ಪವಾಯಿತು, ಎಚ್‌ಒಗೆ ಹೊಂದುವುದಿಲ್ಲ. ವಿದ್ಯುತ್ ಸೆಳೆತದಿಂದ ಹುಲ್ಲು ನಿಲ್ಲಿಸುವ ಉಪಕರಣ ಇದ್ದವರು ಮಳೆ ಕಳೆದ ಮೇಲೆ ಬಳಸಿ. ಜೂನ್, ಜುಲೈಯ ತೇವಕ್ಕೆ ಆ ಉಪಕರಣಕ್ಕೆ ಹಾಕುವ ಹುಲ್ಲಿನ ನಾರು ಗಂಟು ಕಟ್ಟುತ್ತದೆ.

ಹಸಿರನ್ನು ಎಲ್ಲ ಕಡೆ ಸುಮ್ನೆ ಎರಚಬೇಡಿ. ನೀರು ನಿಲ್ಲುವ ತಗ್ಗಿನಲ್ಲಿ ಜಾಸ್ತಿ, ಗುಡ್ಡ ಸೀಳಿದ ಗೋಡೆಯ ಮೇಲೆ ಕಡಿಮೆ, ಜನ ಓಡಾಡುವ ದಾರಿಯಲ್ಲಿ ಇಲ್ಲವೇ ಇಲ್ಲ. ಕೆಂಪು ನೆಲ ಅರ್ಧದಷ್ಟಾದರೂ ಕಾಣಬೇಕು. ಮುರಕಲ್ಲಿನ ಗೋಡೆಗೆ ಬೇಕಿರುವುದು ಹುಲ್ಲಲ್ಲ. ತೆಳು ಕಪ್ಪು ಬಣ್ಣದ ನೀರನ್ನು ಮೇಲಿನಿಂದ ಕೆಳಕ್ಕೆ ಇಳಿಯಬಿಡಿ, ಹಾವಸೆಯ ಕಲೆ ತಾನಾಗಿ ಬರುತ್ತದೆ.

ಎಲ್ಲ ಒಣಗಿದ ಮೇಲೆ ವ್ಯಾಕ್ಯೂಮ್ ಕ್ಲೀನರಿನ ಬಾಯಿಗೆ ಅದೇ ಕಾಲುಚೀಲ ಕಟ್ಟಿ ಅಂಟದ ಹುಡಿಯನ್ನು ಎಳೆದುಕೊಳ್ಳಿ. ಚೀಲದಲ್ಲಿ ನಿಂತದ್ದನ್ನು ಮತ್ತೆ ಬಳಸಬಹುದು. ಹಳಿಯ ತಲೆಯನ್ನು ಸ್ಪಿರಿಟ್ ಅದ್ದಿದ ಬಟ್ಟೆಯಿಂದ ಒರೆಸಿ, ಪೂರ್ತಿ ಆರಿದ ಮೇಲೆ ಕರೆಂಟ್ ಕೊಡಿ. ಮೊದಲು ಒಂದು ಹಳೇ ಬೋಗಿಯನ್ನು ಕೈಯಲ್ಲೇ ತಳ್ಳಿ ನೋಡಿ. ಎಲ್ಲಾದರೂ ಕಟಕ್ ಅಂದರೆ ಅಲ್ಲಿ ಹಳಿಯ ಒಳಮಗ್ಗುಲಿಗೆ ಜಲ್ಲಿ ಅಂಟಿದೆ. ಉಗುರಿನಿಂದ ಅದನ್ನು ಕಿತ್ತು ತೆಗೆದ ಮೇಲೆಯೇ ಎಂಜಿನ್ ಇಳಿಸಿ.